ಮದ್ಯವ್ಯಸನ ಚಿಕಿತ್ಸೆಯ ವೆಚ್ಚ

ಮದ್ಯವ್ಯಸನ ಚಿಕಿತ್ಸೆಯ ವೆಚ್ಚ ಎಂದರೆ ಮದ್ಯಪಾನವನ್ನು ತ್ಯಜಿಸಲು ವೈದ್ಯರು, ಆಪ್ತಸಮಾಲೋಚಕರು, ಆಸ್ಪತ್ರೆಗಳು ಹಾಗೂ ಪುನರ್ವಸತಿ ಕೇಂದ್ರಗಳಿಂದ ಪಡೆಯುವ ವೃತ್ತಿಪರ ನೆರವಿಗೆ ತಗಲುವ ಹಣ. ಈ ಹಣವನ್ನು ವ್ಯಸನಿಯ ಕುಟುಂಬ, ವಿಮಾ ಸಂಸ್ಥೆ, ಉದ್ಯೋಗದಾತ ಸಂಸ್ಥೆ ಅಥವಾ ಸರ್ಕಾರ ಭರಿಸಬಹುದು. ಭಾರತದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯು ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ದೊರೆಯುತ್ತದೆ. ಖಾಸಗಿ ಕೇಂದ್ರಗಳಲ್ಲಿ ಅದರ ಬಹುಪಾಲು ಹೊರೆ ಕುಟುಂಬದ ಮೇಲೆಯೇ ಬೀಳುತ್ತದೆ. ಚಿಕಿತ್ಸೆಯ ಎಲ್ಲ ಹಂತಗಳೂ ಸಮಾನವಾಗಿ ದುಬಾರಿಯಲ್ಲ. ಎಲ್ಲರಿಗೂ ಎಲ್ಲ ಹಂತಗಳೂ ಬೇಕಾಗುವುದಿಲ್ಲ. ಯಾವ ಹಂತಕ್ಕೆ ಯಾವ ನೆರವು ಅವಶ್ಯಕವೆಂಬುದನ್ನು ತಿಳಿಯುವುದು ವೆಚ್ಚವನ್ನು ಅರಿಯುವ ಮೊದಲ ಮೆಟ್ಟಿಲು.

ಹಿನ್ನೆಲೆ

ಬಹುಕಾಲ ಕುಡಿತವನ್ನು ನಡತೆಯ ದೋಷವೆಂದು ಪರಿಗಣಿಸಲಾಗುತ್ತಿತ್ತು. ದುರ್ನಡತೆಗೆ ಬುದ್ಧಿವಾದವೇ ಮದ್ದೆಂಬ ನಂಬಿಕೆಯಿದ್ದಲ್ಲಿ ಚಿಕಿತ್ಸೆ ಮತ್ತು ಅದರ ಶುಲ್ಕದ ಪ್ರಶ್ನೆಯೇ ಹುಟ್ಟದು. ಮದ್ಯಾವಲಂಬನೆಯು ಒಂದು ಕಾಯಿಲೆಯೆಂಬ ವೈದ್ಯಕೀಯ ತಿಳುವಳಿಕೆ ಇಪ್ಪತ್ತನೆಯ ಶತಮಾನದಲ್ಲಿ ಬಲಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ರೋಗ ವರ್ಗೀಕರಣವು ಇದನ್ನು ಮಾನಸಿಕ ಮತ್ತು ವರ್ತನಾ ಸಮಸ್ಯೆಗಳ ಅಧ್ಯಾಯದಲ್ಲಿ ಸೇರಿಸಿದೆ. ಕಾಯಿಲೆಯೆಂದು ಒಪ್ಪಿದ ಮೇಲೆ ಅದರ ಚಿಕಿತ್ಸೆಗೆ ಹಣ ಕೊಡಬೇಕಾದವರು ಯಾರೆಂಬ ಪ್ರಶ್ನೆ ಎದ್ದಿತು.

ಭಾರತದಲ್ಲಿ ವೃತ್ತಿಪರ ವ್ಯಸನ ಚಿಕಿತ್ಸೆಯ ಆರಂಭಿಕ ಸಂಸ್ಥೆಗಳಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈಯಲ್ಲಿ ಸ್ಥಾಪಿಸಿದ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಪ್ರಮುಖವಾದುದು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಿಮ್ಹಾನ್ಸ್‌ನಲ್ಲಿ, 1991ರಲ್ಲಿ ವ್ಯಸನಮುಕ್ತಿ ವಿಭಾಗ ಆರಂಭವಾಯಿತು. ಅದು ಈಗ ವ್ಯಸನ ವೈದ್ಯಕೀಯ ಕೇಂದ್ರವಾಗಿ ಬೆಳೆದಿದೆ.

ಸಮಸ್ಯೆಯ ವ್ಯಾಪ್ತಿ

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 10ರಿಂದ 75 ವರ್ಷ ವಯೋಮಾನದವರಲ್ಲಿ ಶೇ. 14.6ರಷ್ಟು ಜನ, ಎಂದರೆ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಇವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಮದ್ಯಸಂಬಂಧಿ ತೊಂದರೆಗಳಿಗಾಗಿ ನೆರವು ಬೇಕಾಗಿದೆ. ಆದರೆ ಮದ್ಯಾವಲಂಬಿಗಳಲ್ಲಿ 38 ಮಂದಿಗೆ ಒಬ್ಬರಷ್ಟೇ ಯಾವುದಾದರೂ ಬಗೆಯ ಚಿಕಿತ್ಸೆ ಅಥವಾ ನೆರವು ಪಡೆದಿದ್ದರು. ಒಳರೋಗಿಯಾಗಿ ದಾಖಲಾದವರು 180 ಮಂದಿಗೆ ಒಬ್ಬರು ಮಾತ್ರ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯಸಂಬಂಧಿ ತೊಂದರೆಯುಳ್ಳವರಲ್ಲಿ ಶೇ. 86ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗುಳಿದಿರುವುದನ್ನು ದಾಖಲಿಸಿದೆ.

ಈ ಅಂತರಕ್ಕೆ ಹಣವೊಂದೇ ಕಾರಣವಲ್ಲ. ಲೋಕನಿಂದೆಯ ಭಯ, ಸೇವೆಗಳ ಕೊರತೆ, ಇದು ಕಾಯಿಲೆಯೆಂಬ ಅರಿವಿಲ್ಲದಿರುವುದು, ಆಸ್ಪತ್ರೆಗೆ ಹೋದರೆ ಕೂಲಿ ತಪ್ಪುವುದೆಂಬ ಚಿಂತೆ ಇವೆಲ್ಲವೂ ಕಾರಣಗಳು. ಕುಡಿತದ ಸಮಸ್ಯೆಯುಳ್ಳ ಮಹಿಳೆಯರ ವಿಷಯದಲ್ಲಿ ಲೋಕನಿಂದೆಯ ಭಯ ಇನ್ನೂ ಹೆಚ್ಚು. ಅವರು ಚಿಕಿತ್ಸೆಗೆ ಬರುವುದು ವಿರಳ.

ಚಿಕಿತ್ಸೆಯ ಹಂತಗಳು ಮತ್ತು ಅವುಗಳ ವೆಚ್ಚ

ಪರೀಕ್ಷೆ ಮತ್ತು ಮೌಲ್ಯಮಾಪನ

ಕುಡಿಯುವವರೆಲ್ಲರೂ ಮದ್ಯಾವಲಂಬಿಗಳಲ್ಲ. ತೊಂದರೆಯ ಮಟ್ಟವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಪ್ರಶ್ನಾವಳಿ ಬಳಕೆಯಲ್ಲಿದೆ. ಇದರಲ್ಲಿ 10 ಪ್ರಶ್ನೆಗಳಿದ್ದು, ಗರಿಷ್ಠ ಅಂಕ 40. ಸಾಮಾನ್ಯವಾಗಿ 8 ಅಥವಾ ಅದಕ್ಕೂ ಹೆಚ್ಚಿನ ಅಂಕ ಅಪಾಯಕರ ಕುಡಿತವನ್ನೂ, 20 ಅಥವಾ ಅದಕ್ಕೂ ಹೆಚ್ಚಿನ ಅಂಕ ಅವಲಂಬನೆಯ ಸಾಧ್ಯತೆಯನ್ನೂ ಸೂಚಿಸುತ್ತದೆ. ಈ ಹಂತಕ್ಕೆ ವೈದ್ಯರ ಸಮಾಲೋಚನಾ ಶುಲ್ಕ ಹಾಗೂ ಯಕೃತ್ತಿನ ಸ್ಥಿತಿಯನ್ನು ತಿಳಿಸುವ ರಕ್ತಪರೀಕ್ಷೆಯ ವೆಚ್ಚವಷ್ಟೇ ತಗಲುತ್ತದೆ. ಮುಂದಿನ ವೆಚ್ಚವೆಲ್ಲ ಇಲ್ಲಿಯ ನಿರ್ಣಯವನ್ನು ಅವಲಂಬಿಸುವುದರಿಂದ ಈ ಅಲ್ಪ ವೆಚ್ಚದ ಹಂತವೇ ಬಹಳ ಮಹತ್ವದ್ದು.

ಅಪಾಯಕರವಾಗಿ ಕುಡಿಯುತ್ತಿದ್ದರೂ ಅವಲಂಬನೆಯ ಹಂತ ತಲುಪದವರಿಗೆ ಆಸ್ಪತ್ರೆಯ ಹಾಸಿಗೆ ಬೇಕಾಗದೆ ಇರಬಹುದು. ಗೋವಾದಲ್ಲಿ ‘ಸಂಗಾತ್’ ಸಂಸ್ಥೆಯ ಸಂಶೋಧಕರು ಇಂತಹ 377 ಪುರುಷರನ್ನು ಕುರಿತು ನಡೆಸಿದ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಆಪ್ತಸಮಾಲೋಚಕರು ಹೆಚ್ಚೆಂದರೆ ನಾಲ್ಕು ಬಾರಿ ಇವರೊಡನೆ ಮಾತುಕತೆ ನಡೆಸಿದರು. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ಶೇ. 36ರಷ್ಟು ಮಂದಿಯ ಕುಡಿತ ಅಪಾಯದ ಮಟ್ಟಕ್ಕಿಂತ ಕೆಳಗಿಳಿದಿತ್ತು. ಮಾಮೂಲು ಆರೈಕೆಯನ್ನಷ್ಟೇ ಪಡೆದವರಲ್ಲಿ ಈ ಪ್ರಮಾಣ ಶೇ. 26 ಆಗಿತ್ತು. ಮನೋವೈದ್ಯರಲ್ಲದವರು ಕಡಿಮೆ ವೆಚ್ಚದಲ್ಲಿ ನೀಡುವ ನೆರವೂ ಫಲ ಕೊಡಬಲ್ಲದೆಂಬುದನ್ನು ಈ ಅಧ್ಯಯನ ತೋರಿಸಿತು.

ನಿರ್ವಿಷೀಕರಣ

ದೀರ್ಘಕಾಲ ಪ್ರತಿದಿನ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ ಕೈನಡುಕ, ಬೆವರು, ನಿದ್ರಾಹೀನತೆ, ವಾಂತಿ, ತಳಮಳ ಮೊದಲಾದ ಹಿಂತೆಗೆತದ ಚಿಹ್ನೆಗಳು ತಲೆದೋರುತ್ತವೆ. ಕೆಲವರಲ್ಲಿ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಅವಧಿಯಲ್ಲಿ ಕಂಪನ ಸನ್ನಿ ಎಂಬ ಗಂಭೀರ ಸ್ಥಿತಿ ಉಂಟಾಗಬಹುದು. ಆಗ ರೋಗಿಗೆ ಸ್ಥಳ ಕಾಲಗಳ ಪರಿವೆ ತಪ್ಪುತ್ತದೆ, ಇಲ್ಲದ್ದು ಕಾಣಿಸುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಾಪಾಯವೂ ಉಂಟು. ಆದ್ದರಿಂದ ಹಿಂದೆ ಫಿಟ್ಸ್ ಅಥವಾ ಸನ್ನಿ ಕಂಡಿದ್ದವರು, ಯಕೃತ್ತಿನ ಕಾಯಿಲೆಯಂತಹ ಇತರ ತೊಂದರೆಗಳಿರುವವರು ಮನೆಯಲ್ಲಿಯೇ ಹಠಾತ್ತನೆ ಕುಡಿತ ನಿಲ್ಲಿಸುವುದು ಸಲ್ಲದು.

ಈ ಹಂತದಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಅಥವಾ ಲೋರಾಜೆಪಾಮ್ ಔಷಧಿಗಳನ್ನು ನೀಡಿ, ಪ್ರಮಾಣವನ್ನು ಕ್ರಮವಾಗಿ ತಗ್ಗಿಸುತ್ತಾರೆ. ಮಿದುಳಿಗೆ ಹಾನಿಯಾಗದಂತೆ ಥಯಾಮಿನ್ ಜೀವಸತ್ವವನ್ನು ಕೊಡುತ್ತಾರೆ. ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನಗಳಲ್ಲಿ ಈ ಹಂತ ಮುಗಿಯುತ್ತದೆ. ಇಲ್ಲಿ ಔಷಧಿಯ ಬೆಲೆ ಹೆಚ್ಚಲ್ಲ. ಹಾಸಿಗೆಯ ಬಾಡಿಗೆ, ಶುಶ್ರೂಷೆ ಮತ್ತು ವೈದ್ಯರ ನಿಗಾ ಇವುಗಳಿಗೆ ಹಣ ಹೆಚ್ಚು ಬೇಕಾಗುತ್ತದೆ. ಸೌಮ್ಯ ಲಕ್ಷಣಗಳಿರುವವರು ವೈದ್ಯರ ಸಲಹೆಯಂತೆ ಹೊರರೋಗಿಯಾಗಿಯೂ ಈ ಹಂತವನ್ನು ದಾಟಬಹುದು.

ಔಷಧಿ ಮತ್ತು ಆಪ್ತಸಮಾಲೋಚನೆ

ದೇಹದಿಂದ ಮದ್ಯ ಹೊರಹೋದ ಮಾತ್ರಕ್ಕೆ ವ್ಯಸನ ಹೋಗುವುದಿಲ್ಲ. ಕುಡಿಯಬೇಕೆಂಬ ತೀವ್ರ ಹಂಬಲವನ್ನು ತಗ್ಗಿಸಲು ನಾಲ್ಟ್ರೆಕ್ಸೋನ್ ಮತ್ತು ಅಕ್ಯಾಂಪ್ರೊಸೇಟ್ ಔಷಧಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇವೆರಡನ್ನೂ ತನ್ನ ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಮೂರನೆಯದಾದ ಡೈಸಲ್ಫಿರಾಂ ಹಳೆಯ ಔಷಧಿ. ಇದನ್ನು ಸೇವಿಸುತ್ತಿರುವವರು ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿಯಾಗುತ್ತದೆ. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯಲೂಬಹುದು. ಆದುದರಿಂದ ರೋಗಿಗೆ ಎಲ್ಲವನ್ನೂ ವಿವರಿಸಿ, ಆತನ ಒಪ್ಪಿಗೆ ಪಡೆದು, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಇದನ್ನು ಕೊಡಬೇಕು. ರೋಗಿಗೆ ತಿಳಿಯದಂತೆ ಊಟದಲ್ಲಿಯೋ ಕಾಫಿಯಲ್ಲಿಯೋ ಬೆರೆಸುವುದು ಪ್ರಾಣಕ್ಕೆ ಎರವಾಗಬಹುದು. ‘ತಿಳಿಯದಂತೆ ಕುಡಿತ ಬಿಡಿಸುವ ಪುಡಿ’ ಎಂದು ಜಾಹೀರಾತು ನೀಡಿ ಮಾರುವ, ಒಳಗೇನಿದೆಯೆಂದು ತಿಳಿಸದ ಪುಡಿಗಳಲ್ಲಿಯೂ ಇದೇ ಅಪಾಯವಿದೆ. ಅವುಗಳಿಗೆ ತೆತ್ತ ಹಣ ಚಿಕಿತ್ಸೆಯ ವೆಚ್ಚವೆನಿಸದು.

ಆಪ್ತಸಮಾಲೋಚನೆಯಲ್ಲಿ ಕುಡಿತಕ್ಕೆ ಪ್ರೇರೇಪಿಸುವ ಸನ್ನಿವೇಶಗಳನ್ನು ಗುರುತಿಸುವುದು, ಒತ್ತಾಯ ಮಾಡುವ ಗೆಳೆಯರಿಗೆ ಇಲ್ಲವೆನ್ನುವುದು, ಕುಟುಂಬದೊಡನೆ ಮುರಿದ ಸಂಬಂಧವನ್ನು ಸರಿಪಡಿಸಿಕೊಳ್ಳುವುದು ಮೊದಲಾದ ವಿಷಯಗಳಿರುತ್ತವೆ. ಖಾಸಗಿಯಾಗಿ ಪಡೆದರೆ ಪ್ರತಿ ಭೇಟಿಗೂ ಶುಲ್ಕವಿರುತ್ತದೆ.

ಅನುಸರಣೆ

ಚಿಕಿತ್ಸೆಯ ಅತಿ ದೀರ್ಘವಾದ, ಆದರೆ ಅತಿ ಕಡಿಮೆ ವೆಚ್ಚದ ಹಂತ ಇದು. ಮರುಕಳಿಕೆ, ಎಂದರೆ ಮತ್ತೆ ಕುಡಿತಕ್ಕೆ ಮರಳುವುದು, ಮೊದಲ ಕೆಲವು ತಿಂಗಳುಗಳಲ್ಲಿ ಹೆಚ್ಚು. ಮಧುಮೇಹ ಅಥವಾ ರಕ್ತದೊತ್ತಡದಂತೆ ಇದೂ ದೀರ್ಘಕಾಲದ ನಿಗಾ ಬೇಡುವ ಕಾಯಿಲೆ. ಮರುಕಳಿಕೆಯಾದರೆ ಹಿಂದಿನ ವೆಚ್ಚವೆಲ್ಲ ವ್ಯರ್ಥವಾಯಿತೆಂದು ಭಾವಿಸಬೇಕಾಗಿಲ್ಲ. ಚಿಕಿತ್ಸೆಯನ್ನು ಬೇಗನೆ ಪುನರಾರಂಭಿಸುವುದು ಮುಖ್ಯ. ಆದರೆ ದಾಖಲಾತಿಗೆ ಇದ್ದಬದ್ದ ಹಣವನ್ನೆಲ್ಲ ವ್ಯಯಿಸಿದ ಕುಟುಂಬಕ್ಕೆ ತಿಂಗಳಿಗೊಮ್ಮೆ ವೈದ್ಯರನ್ನು ಕಾಣಲು ಬಸ್ಸಿನ ಖರ್ಚೂ ಭಾರವಾಗುವುದುಂಟು. ಆದ್ದರಿಂದ ಆರಂಭದಲ್ಲಿಯೇ ಇಡೀ ವರ್ಷದ ವೆಚ್ಚವನ್ನು ಲೆಕ್ಕ ಹಾಕುವುದು ಸೂಕ್ತ.

ಉಚಿತ ಮತ್ತು ಅಲ್ಪ ವೆಚ್ಚದ ಸೇವೆಗಳು

* ಸರ್ಕಾರಿ ಆಸ್ಪತ್ರೆಗಳು: ಜಿಲ್ಲಾ ಆಸ್ಪತ್ರೆಗಳು ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ರಾಷ್ಟ್ರಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ ರೂಪುಗೊಂಡಿತು. ಕರ್ನಾಟಕದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಲಭ್ಯರಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಉನ್ನತ ಮಟ್ಟದ ಕೇಂದ್ರಗಳು.
* ಅನುದಾನಿತ ಕೇಂದ್ರಗಳು: ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳನ್ನು ನಡೆಸುತ್ತವೆ.
* ದೂರವಾಣಿ ಸಹಾಯ: ವ್ಯಸನಮುಕ್ತಿಗಾಗಿ ರಾಷ್ಟ್ರೀಯ ಶುಲ್ಕರಹಿತ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಇದರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.
* ಪರಸ್ಪರ ನೆರವಿನ ಗುಂಪುಗಳು: ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ 1935ರಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಭಾರತದ ಅನೇಕ ಊರುಗಳಲ್ಲಿ ನಡೆಯುತ್ತವೆ. ಸದಸ್ಯತ್ವಕ್ಕೆ ಶುಲ್ಕವಿಲ್ಲ; ಕುಡಿತ ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಕುಟುಂಬದವರಿಗಾಗಿ ‘ಅಲ್‌-ಅನಾನ್’ ಎಂಬ ಪ್ರತ್ಯೇಕ ಗುಂಪುಗಳಿವೆ. ಇವು ಚಿಕಿತ್ಸೆಗೆ ಪೂರಕವೇ ಹೊರತು ನಿರ್ವಿಷೀಕರಣಕ್ಕೆ ಪರ್ಯಾಯವಲ್ಲ.
* ಶಿಬಿರಗಳು: ಕರ್ನಾಟಕದ ಗ್ರಾಮಾಂತರ ಪ್ರದೇಶಗಳಲ್ಲಿ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಹಯೋಗದಲ್ಲಿ ಮದ್ಯವರ್ಜನ ಶಿಬಿರಗಳನ್ನು ಏರ್ಪಡಿಸುತ್ತದೆ. ಶಿಬಿರ ಮುಗಿಸಿದವರು ಒಬ್ಬರಿಗೊಬ್ಬರು ಆಸರೆಯಾಗಿರಲು ‘ನವಜೀವನ ಸಮಿತಿ’ಗಳನ್ನು ರಚಿಸಲಾಗುತ್ತದೆ. ತೀವ್ರ ಹಿಂತೆಗೆತದ ಚಿಹ್ನೆಗಳ ಇತಿಹಾಸವುಳ್ಳವರು ಯಾವುದೇ ಶಿಬಿರಕ್ಕೆ ಸೇರುವ ಮುನ್ನ ವೈದ್ಯರನ್ನು ಕಾಣುವುದು ಅಗತ್ಯ.

ಕಾನೂನು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು 2018ರ ಮೇ 29ರಂದು ಜಾರಿಗೆ ಬಂದಿತು. ಕಾಯ್ದೆಯಲ್ಲಿ ‘ಮಾನಸಿಕ ಕಾಯಿಲೆ’ಯ ವ್ಯಾಖ್ಯೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ಹೀಗಾಗಿ ಮದ್ಯವ್ಯಸನಿಗಳಿಗೂ ಈ ಕಾಯ್ದೆಯ ಹಕ್ಕುಗಳು ಅನ್ವಯಿಸುತ್ತವೆ. 18ನೇ ಕಲಮಿನ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರು, ಅವರ ಬಳಿ ಗುರುತಿನ ಚೀಟಿ ಇಲ್ಲದಿದ್ದರೂ, ಹಾಗೂ ನಿರ್ಗತಿಕರು ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಯಾವುದೇ ಶುಲ್ಕವಿಲ್ಲದೆ ಚಿಕಿತ್ಸೆ ಪಡೆಯಲು ಅರ್ಹರು.

ಮಾನಸಿಕ ಆರೋಗ್ಯ ಸಂಸ್ಥೆಗಳು ನೋಂದಣಿಯಿಲ್ಲದೆ ನಡೆಯುವಂತಿಲ್ಲ. ಚಿಕಿತ್ಸೆಯಲ್ಲಿರುವವರನ್ನು ಸರಪಳಿಯಿಂದ ಬಂಧಿಸುವುದು, ಒತ್ತಾಯದಿಂದ ತಲೆ ಬೋಳಿಸುವುದು, ಬಲವಂತವಾಗಿ ಕೆಲಸ ಮಾಡಿಸುವುದು ಕಾಯ್ದೆಗೆ ವಿರುದ್ಧ. ಕುಟುಂಬದವರು ಹಣ ಕಟ್ಟಿದ್ದಾರೆಂಬ ಕಾರಣದಿಂದ ಈ ಹಕ್ಕುಗಳು ರದ್ದಾಗುವುದಿಲ್ಲ.

ಆರೋಗ್ಯ ವಿಮೆ

ಈ ವಿಷಯದ ಅತ್ಯಂತ ತೊಡಕಿನ ಭಾಗ ವಿಮೆ. ಮೇಲಿನ ಕಾಯ್ದೆಯ 21ನೇ ಕಲಮಿನ 4ನೇ ಉಪಕಲಮು ದೈಹಿಕ ಕಾಯಿಲೆಗಳಿಗೆ ಇರುವ ಆಧಾರದಲ್ಲಿಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮೆ ಒದಗಿಸಬೇಕೆಂದು ಎಲ್ಲ ವಿಮಾ ಸಂಸ್ಥೆಗಳಿಗೆ ವಿಧಿಸುತ್ತದೆ. 2021ರಲ್ಲಿ ದೆಹಲಿ ಹೈಕೋರ್ಟ್ ಮದ್ಯಕ್ಕೆ ಸಂಬಂಧಿಸದ ಮಾನಸಿಕ ಕಾಯಿಲೆಯೊಂದರ ಪ್ರಕರಣದಲ್ಲಿ ಈ ಉಪಕಲಮನ್ನು ಎತ್ತಿಹಿಡಿಯಿತು.

ಆದರೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಆರೋಗ್ಯ ವಿಮೆಯಿಂದ ಹೊರಗಿಡಬಹುದಾದ ವಿಷಯಗಳನ್ನು ಏಕರೂಪಗೊಳಿಸಿದಾಗ, ಮದ್ಯವ್ಯಸನ, ಮಾದಕ ವಸ್ತುಗಳ ದುರ್ಬಳಕೆ ಅಥವಾ ಯಾವುದೇ ವ್ಯಸನಕರ ಸ್ಥಿತಿಯ ಚಿಕಿತ್ಸೆ ಮತ್ತು ಅವುಗಳ ಪರಿಣಾಮಗಳು ಆ ಪಟ್ಟಿಯಲ್ಲಿ 12ನೇ ಸಂಕೇತದಡಿ ಸೇರಿದವು. ‘ಪರಿಣಾಮಗಳು’ ಎಂಬ ಪದದ ಕಾರಣ ಕುಡಿತದಿಂದ ಉಂಟಾದ ಯಕೃತ್ತಿನ ಕಾಯಿಲೆಯ ಚಿಕಿತ್ಸಾ ವೆಚ್ಚವೂ ತಿರಸ್ಕೃತವಾಗಬಹುದು. ಹೀಗೆ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯವ್ಯಸನ ಕಾಯಿಲೆ. ವಿಮಾ ಪತ್ರದಲ್ಲಿ ಅದು ಹೊರಗಿಟ್ಟ ವಿಷಯ. ಮಧ್ಯಮ ವರ್ಗದ ಅನೇಕ ಕುಟುಂಬಗಳು ವರ್ಷಗಟ್ಟಲೆ ಕಂತು ಕಟ್ಟಿಯೂ ಈ ಚಿಕಿತ್ಸೆಗೆ ಕೈಯಿಂದಲೇ ಹಣ ತೆರಬೇಕಾಗಿರುವುದಕ್ಕೆ ಈ ವೈರುಧ್ಯವೂ ಕಾರಣ.

ವಿಮಾ ಪತ್ರ ಇರುವವರು ‘ಹೊರಗಿಡುವಿಕೆಗಳು’ ಎಂಬ ಭಾಗವನ್ನು ದಾಖಲಾತಿಗೆ ಮುನ್ನವೇ ಓದಬೇಕು. ಕ್ಲೇಮು ತಿರಸ್ಕೃತವಾದರೆ ಮೊದಲು ಸಂಸ್ಥೆಯ ಕುಂದುಕೊರತೆ ವಿಭಾಗಕ್ಕೆ, ಅನಂತರ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವಿದೆ. ಯಾವ ಚಿಕಿತ್ಸೆ, ಯಾವ ಆಸ್ಪತ್ರೆಯಲ್ಲಿ ಇದರಡಿ ಬರುತ್ತದೆಂಬುದನ್ನು ಆಸ್ಪತ್ರೆಯ ‘ಆರೋಗ್ಯ ಮಿತ್ರ’ರಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು. ಇ.ಎಸ್.ಐ. ವ್ಯಾಪ್ತಿಯಲ್ಲಿರುವ ಕಾರ್ಮಿಕರು ಇ.ಎಸ್.ಐ. ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಖಾಸಗಿ ಕೇಂದ್ರಗಳಿಗೆ ಹಣ ಪಾವತಿಸುವ ಮುನ್ನ

ಖಾಸಗಿ ಕೇಂದ್ರಗಳ ಶುಲ್ಕವು ಊರು, ಕೊಠಡಿ, ವೈದ್ಯರ ಲಭ್ಯತೆ ಮತ್ತು ವಾಸದ ಅವಧಿಯನ್ನು ಅನುಸರಿಸಿ ಬಹಳ ವ್ಯತ್ಯಾಸವಾಗುತ್ತದೆ. ಶುಲ್ಕ ಹೆಚ್ಚಿದ್ದಷ್ಟೂ ಫಲ ಹೆಚ್ಚೆಂಬುದಕ್ಕೆ ಆಧಾರವಿಲ್ಲ. ಹಣ ಕಟ್ಟುವ ಮುನ್ನ ಈ ಅಂಶಗಳನ್ನು ವಿಚಾರಿಸುವುದು ಒಳಿತು.

* ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೆ?
* ಮನೋವೈದ್ಯರು ಪ್ರತಿದಿನ ಬರುತ್ತಾರೆಯೆ? ರಾತ್ರಿ ಫಿಟ್ಸ್ ಬಂದರೆ ಏನು ವ್ಯವಸ್ಥೆಯಿದೆ?
* ಹೇಳಿದ ಮೊತ್ತದಲ್ಲಿ ಔಷಧಿ, ರಕ್ತಪರೀಕ್ಷೆ, ಊಟ, ಸಮಾಲೋಚನೆ ಸೇರಿವೆಯೆ? ರಸೀದಿ ಕೊಡುತ್ತಾರೆಯೆ?
* ಅವಧಿಗೆ ಮುನ್ನ ಬಿಡುಗಡೆಯಾದರೆ ಮುಂಗಡ ಹಣ ಮರಳುವುದೆ?
* ಕುಟುಂಬದವರು ಭೇಟಿಯಾಗಲು, ದೂರವಾಣಿಯಲ್ಲಿ ಮಾತನಾಡಲು ಅವಕಾಶವಿದೆಯೆ?
* ಬಿಡುಗಡೆಯ ನಂತರದ ಭೇಟಿಗಳು ಶುಲ್ಕದಲ್ಲಿ ಸೇರಿವೆಯೆ?

‘ಶೇಕಡಾ ನೂರು ಖಾತರಿ’ ಎಂಬ ಮಾತು, ಬಲವಂತವಾಗಿ ವಾಹನದಲ್ಲಿ ಕರೆದೊಯ್ಯುವ ಸೇವೆ, ತಿಂಗಳುಗಟ್ಟಲೆ ಮನೆಯವರಿಗೆ ಮುಖ ತೋರಿಸದಿರುವ ನಿಯಮ ಇವು ಎಚ್ಚರಿಕೆಯ ಸೂಚನೆಗಳು.

ಚಿಕಿತ್ಸೆ ಪಡೆಯದಿರುವುದರ ವೆಚ್ಚ

ಚಿಕಿತ್ಸೆಯ ವೆಚ್ಚವನ್ನು ಕುಡಿತದ ವೆಚ್ಚದೊಡನೆ ಹೋಲಿಸಿ ನೋಡಬೇಕಾಗುತ್ತದೆ. ದಿನಕ್ಕೆ ₹150 ಕುಡಿತಕ್ಕೆ ವ್ಯಯಿಸುವವರು ವರ್ಷಕ್ಕೆ ₹54,750 ಕಳೆದುಕೊಳ್ಳುತ್ತಾರೆ. ತಪ್ಪಿದ ಕೂಲಿ, ಸಾಲದ ಬಡ್ಡಿ, ಅಪಘಾತ, ಕಾಯಿಲೆಯ ಖರ್ಚು ಇದರಲ್ಲಿ ಸೇರಿಲ್ಲ. ಮಕ್ಕಳ ಶಾಲೆ ನಿಂತುಹೋಗುವುದು, ಮನೆಯಲ್ಲಿ ನಡೆಯುವ ಹಿಂಸೆ ಇವುಗಳಿಗೆ ಬೆಲೆ ಕಟ್ಟಲಾಗದು. ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ಮದ್ಯವ್ಯಸನದ ಸಾಮಾಜಿಕ ವೆಚ್ಚವನ್ನು ಕುರಿತು ಅಧ್ಯಯನ ನಡೆಸಿದರು. ಚಿಕಿತ್ಸೆಗೆ ಬಂದ ವ್ಯಸನಿಗಳು ಸರಾಸರಿಯಲ್ಲಿ ತಮ್ಮ ಗಳಿಕೆಗಿಂತ ಹೆಚ್ಚು ಹಣವನ್ನು ಕುಡಿತಕ್ಕೆ ವ್ಯಯಿಸುತ್ತಿದ್ದುದು ಅದರಲ್ಲಿ ಕಂಡುಬಂದಿತು.

ಸಾರ್ವಜನಿಕ ಹಣಕಾಸಿನಲ್ಲಿಯೂ ಇದೇ ಪ್ರಶ್ನೆಯಿದೆ. ಸಂವಿಧಾನದ 47ನೇ ವಿಧಿಯು ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ಶ್ರಮಿಸುವಂತೆ ರಾಜ್ಯಕ್ಕೆ ನಿರ್ದೇಶಿಸುತ್ತದೆ. ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಇತರ ಮದ್ಯಗಳ ಮಾರಾಟ ಮುಂದುವರಿದಿದೆ. 2023–24ರಲ್ಲಿ ರಾಜ್ಯದ ಅಬಕಾರಿ ಆದಾಯ ₹30,000 ಕೋಟಿಯನ್ನು ಮೀರಿತ್ತು. ಆರೋಗ್ಯ ಸೇವೆ ಮತ್ತು ಅಬಕಾರಿ ಎರಡೂ ರಾಜ್ಯ ಸರ್ಕಾರದ ವ್ಯಾಪ್ತಿಗೆ ಸೇರಿರುವುದರಿಂದ, ಮದ್ಯದಿಂದ ಬರುವ ಆದಾಯದ ಸೂಕ್ತ ಪಾಲು ಚಿಕಿತ್ಸೆಗೆ ಮೀಸಲಾಗಬೇಕೆಂಬ ವಾದವಿದೆ.

ಇತರ ದೇಶಗಳಲ್ಲಿ

ಜರ್ಮನಿಯ ಸಾಮಾಜಿಕ ನ್ಯಾಯದ ಅತ್ಯುನ್ನತ ನ್ಯಾಯಾಲಯವು 1968ರಲ್ಲಿ ಮದ್ಯವ್ಯಸನವನ್ನು ವಿಮಾ ಕಾನೂನಿನ ಅರ್ಥದಲ್ಲಿ ಕಾಯಿಲೆಯೆಂದು ಅಂಗೀಕರಿಸಿತು. ಅಲ್ಲಿ ಸಾಮಾನ್ಯವಾಗಿ ನಿರ್ವಿಷೀಕರಣದ ವೆಚ್ಚವನ್ನು ಆರೋಗ್ಯ ವಿಮೆಯೂ, ಉದ್ಯೋಗಸ್ಥರ ದೀರ್ಘ ಪುನರ್ವಸತಿಯ ವೆಚ್ಚವನ್ನು ಪಿಂಚಣಿ ವಿಮೆಯೂ ಭರಿಸುತ್ತವೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ಸಂಸ್ಥೆಗಳು ಸಾರ್ವಜನಿಕ ಹಣದಿಂದ ಸೇವೆಗಳನ್ನು ಏರ್ಪಡಿಸುತ್ತವೆ. ಅಮೆರಿಕದಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಗೆ ವಿಮೆಯಲ್ಲಿ ಸಮಾನತೆ ನೀಡುವ ಕಾಯ್ದೆ 2008ರಲ್ಲಿ ಬಂದಿತು. 2010ರ ಆರೋಗ್ಯ ಸುಧಾರಣಾ ಕಾಯ್ದೆಯು ವ್ಯಸನ ಚಿಕಿತ್ಸೆಯನ್ನು ವಿಮೆಯ ಅವಶ್ಯಕ ಸೌಲಭ್ಯಗಳಲ್ಲಿ ಸೇರಿಸಿತು. ಭಾರತದಲ್ಲಿ 2017ರ ಕಾಯ್ದೆಯು ಮದ್ಯವ್ಯಸನಿಗೆ ಚಿಕಿತ್ಸೆಯ ಹಕ್ಕನ್ನು ನೀಡಿದ್ದರೂ, ಖಾಸಗಿ ವಿಮೆಯ ಮೂಲಕ ಅದರ ವೆಚ್ಚವನ್ನು ಪಡೆಯುವ ದಾರಿ ಇನ್ನೂ ಸುಗಮವಾಗಿಲ್ಲ.